ಬೀದಿ ಗೊತ್ತಿರುವ ಏಜೆಂಟ್

ಬೆಂಗಳೂರಲ್ಲಿ ಮನೆ ಕೊಳ್ಳಲು ಹೊರಟಾಗ ಏಜೆಂಟರಿಗೆ ನಾನು ಮೊದಲು ಕೇಳುತ್ತಿದ್ದದ್ದು: ಈ ಬೀದಿಗೆ ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತೆ, ಜೋರು ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತೆ? ಅಲ್ಲೇ ಓಡಾಡಿಕೊಂಡವರು ಥಟ್ಟನೆ ಹೇಳುತ್ತಾರೆ. ‘ಸಂಜೆಯೊಳಗೆ ಅಡ್ವಾನ್ಸ್ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ’ ಅನ್ನುವವರ ಅವಸರಕ್ಕೆ ದಯವಿಟ್ಟು ಬೀಳಬೇಡಿ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾದ ಪ್ರಾಜೆಕ್ಟಿನ ಫ್ಲ್ಯಾಟ್ ಮಾರಿಸಲು 2016ರ ಕಾಯ್ದೆಯಂತೆ ಏಜೆಂಟರೂ ನೋಂದಣಿ ಮಾಡಿಸಿರಲೇಬೇಕು. ಆ ಸಂಖ್ಯೆ ಕೇಳಿ. ಹಳೇ ಮನೆಯಾದರೆ ಇಸಿ (ಋಣಭಾರ ಪ್ರಮಾಣಪತ್ರ) ನೀವೇ ತೆಗೆಸಿ, ವಕೀಲರಿಗೆ ತೋರಿಸಿ.

ನಮಗೆ ಒಳ್ಳೆಯ ಏಜೆಂಟ್ ಸಿಕ್ಕಿದ್ದು ಇಸ್ತ್ರಿ ಅಂಗಡಿಯವರನ್ನು ವಿಚಾರಿಸಿದಾಗ. ನಾವು ಮೆಚ್ಚಿದ ಮೊದಲ ಮನೆಗೇ ಆ ಏಜೆಂಟ್, ‘ಇದು ಬೇಡ ಸಾರ್, ಬಿ ಖಾತೆ, ಲೋನಿಗೆ ಕಷ್ಟ’ ಅಂದರು. ಅಲ್ಲಿಂದ ಮುಂದೆ ಬೇರೆ ಯಾರಿಗೂ ಫೋನ್ ಮಾಡಲಿಲ್ಲ.