ಅಪ್ಪನ ಅಂಗಡಿಗೊಂದು ಡಿಜಿಟಲ್ ರೇಡಿಯೋ

ಫೋನಿನಲ್ಲಿ ಯಾರಿಗಾದರೂ ಹೆಸರು ಬರೆಸುವಾಗ ನಾವು ‘ಸರಸ್ವತಿಯ ಸ’, ‘ಶಂಕರನ ಶ’ ಎಂದು ಬಿಡಿಸಿ ಹೇಳುತ್ತೇವೆ. ಆ ಕಡೆಯವರ ಕಿವಿ ಮಂದವೆಂದಲ್ಲ. ಹಳೆಯ ದೂರವಾಣಿ ವ್ಯವಸ್ಥೆ 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತಿತ್ತು. ‘ಸ’ಕಾರದ ಸುಯ್ಯೆನ್ನುವ ಗಾಳಿಯಾದರೋ ಬಹುಪಾಲು ಅದಕ್ಕಿಂತ ಮೇಲೆಯೇ ಇದೆ. ಅಕ್ಷರ ಹೊರಡುತ್ತದೆ, ಅದರ ಅರ್ಧ ದಾರಿಯಲ್ಲೇ ಉಳಿಯುತ್ತದೆ. ಮಿಕ್ಕಿದ್ದನ್ನು ಕೇಳುವವರು ಊಹಿಸಿಕೊಳ್ಳಬೇಕು.

ಬೇರೆ ಬೇರೆ ಊರಿನ ಕನ್ನಡಿಗರು ಶ, ಷ, ಸಗಳನ್ನು ಹೇಗೆ ಉಚ್ಚರಿಸುತ್ತಾರೆ ಎನ್ನುವುದು ನನ್ನ ಪಿಎಚ್‌.ಡಿ. ವಿಷಯ. ದಿನವಿಡೀ ಕಂಪ್ಯೂಟರಿನಲ್ಲಿ ಧ್ವನಿಯ ಚಿತ್ರಗಳನ್ನು ನೋಡುತ್ತೇನೆ. ಹಾಗಾಗಿ ರೇಡಿಯೋ ಕೇಳುವಾಗಲೂ ನನ್ನ ಕಿವಿ ಮೊದಲು ಹೋಗುವುದು ಈ ಮೂರು ಅಕ್ಷರಗಳ ಕಡೆಗೇ. ಮಧ್ಯಮ ತರಂಗದಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ನಡುವೆ ಇರುವ ಜಾಗ 9 ಕಿಲೋಹರ್ಟ್ಸ್. ಅದರಲ್ಲಿ ಸದ್ದಿಗೆ ಸಿಗುವುದು ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್. ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ವರೆಗೂ ಸಿಗುತ್ತದೆ. ವಾರ್ತಾವಾಚಕರ ‘ಸ’ ಎಫ್‌ಎಂನಲ್ಲಿ ಗರಿಗರಿಯಾಗಿ ಕೇಳಿ, ಮಧ್ಯಮ ತರಂಗದಲ್ಲಿ ಹತ್ತಿ ಸುತ್ತಿದಂತೆ ಕೇಳುವುದು ಇದರಿಂದಲೇ.

ಆದರೆ ಹುಲಿಯೂರುದುರ್ಗದ ಕಡೆಯ ನಮ್ಮೂರಿಗೆ ಎಫ್‌ಎಂ ಸರಿಯಾಗಿ ಬರುವುದಿಲ್ಲ. ಅದು ಹೆಚ್ಚುಕಡಿಮೆ ಬೆಳಕಿನಂತೆ ನೇರ ಹೋಗುವ ತರಂಗ. ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡು ಗುಡ್ಡ ಬಳಸಿ ಬರುತ್ತದೆ. ಅಪ್ಪ ಹೊಲಿಗೆ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿದೆ. ಅಷ್ಟೂ ವರ್ಷ ಕತ್ತರಿ, ಟೇಪಿನ ಜೊತೆಗೆ ಮೇಜಿನ ಮೇಲೆ ಇರುವುದು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್. ಕಣ್ಣು, ಕೈ, ಕಾಲು ಮೂರೂ ಕೆಲಸದಲ್ಲಿರುವವರಿಗೆ ಬಿಡುವಾಗಿರುವುದು ಕಿವಿಯೊಂದೇ. ಟೀವಿ, ಮೊಬೈಲುಗಳು ಕಣ್ಣನ್ನೂ ಕೇಳುತ್ತವೆ, ರೇಡಿಯೋ ಕೇಳುವುದಿಲ್ಲ. ಯಂತ್ರಕ್ಕೆ ಮೋಟಾರು ಕೂಡಿಸಿದ ಮೇಲೆ ಮಾತ್ರ ಒಂದು ತೊಡಕು ಶುರುವಾಯಿತು. ಮೋಟಾರಿನೊಳಗಿನ ಕಾರ್ಬನ್ ಬ್ರಷ್ಷುಗಳು ಹಾರಿಸುವ ಸಣ್ಣ ಕಿಡಿಗಳು ರೇಡಿಯೋದಲ್ಲಿ ಗೊರಗೊರ ಎನ್ನುತ್ತವೆ. ಪೆಡಲ್ ಒತ್ತಿದಾಗಲೆಲ್ಲ ವಾರ್ತೆಯ ಮೇಲೆ ಒಂದು ಗರಗಸ ಓಡುತ್ತದೆ.

ಇದಕ್ಕೊಂದು ಪರಿಹಾರವಿದೆಯೆಂದು ನಾನು ಓದಿದ್ದು ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರದ ಬಗ್ಗೆ. ಆಕಾಶವಾಣಿ ಕಳೆದ ದಶಕದಲ್ಲಿ ದೇಶದ ಹಲವು ಮಧ್ಯಮ ತರಂಗ ಕೇಂದ್ರಗಳಿಗೆ ಈ ವ್ಯವಸ್ಥೆ ಅಳವಡಿಸಿತು, ಬೆಂಗಳೂರೂ ಅದರಲ್ಲಿದೆ. ಒಂದೇ ಪ್ರೇಷಕದಿಂದ ಹಳೆಯ ಪ್ರಸಾರ, ಅದರ ಪಕ್ಕದ ಜಾಗದಲ್ಲೇ ಡಿಜಿಟಲ್ ಪ್ರಸಾರ. ನೆಲಕ್ಕೆ ಅಂಟಿಕೊಂಡು ಬರುವ ಅದೇ ತರಂಗ, ಆದರೆ ಎಫ್‌ಎಂಗೆ ಹತ್ತಿರದ ಸದ್ದು. ಅಪ್ಪನ ಅಂಗಡಿಗೆಂದೇ ಮಾಡಿದ ಹಾಗಿತ್ತು. ಬೇಕಾಗಿದ್ದದ್ದು ಒಂದು ರೇಡಿಯೋ ಮಾತ್ರ.

ಬೆಂಗಳೂರಿನಲ್ಲಿ ಇಂಥದ್ದನ್ನು ಹುಡುಕುವವರು ಮೊದಲು ಹೋಗುವುದು ಎಸ್‌.ಪಿ. ರಸ್ತೆಗೆ. ‘ಡಿಜಿಟಲ್ ರೇಡಿಯೋ’ ಎಂದು ಕೇಳಿದ ಪ್ರತಿ ಅಂಗಡಿಯಲ್ಲೂ ಒಂದೊಂದು ಸೆಟ್ಟು ತೆಗೆದು ಮುಂದಿಟ್ಟರು. ಕೆಂಪು ಅಂಕಿಯಲ್ಲಿ ಆವರ್ತನ ತೋರಿಸುವುದು, ಪೆನ್‌ಡ್ರೈವ್ ಹಾಕಿಕೊಳ್ಳುವುದು, ಟಾರ್ಚ್ ಇರುವುದು. ಪೆಟ್ಟಿಗೆಯ ಮೇಲೆ ಡಿಜಿಟಲ್ ಎಂದೇ ಅಚ್ಚಾಗಿತ್ತು. ಆದರೆ ಅವುಗಳಲ್ಲಿ ಡಿಜಿಟಲ್ ಆಗಿರುವುದು ಅಂಕಿ ತೋರಿಸುವ ಪರದೆ, ಕೇಂದ್ರ ಹಿಡಿಯುವ ಚಿಪ್ಪು. ಹಿಡಿಯುವ ಪ್ರಸಾರ ಹಳೆಯದೇ. ಡಿಆರ್‌ಎಂ ಎಂದು ಬಿಡಿಸಿ ಹೇಳಿದಾಗ ಒಬ್ಬ ವ್ಯಾಪಾರಿ ನಕ್ಕರು. “ಅದು ಕಾರಲ್ಲಿ ಬರುತ್ತೆ ಮೇಡಂ. ಮನೆಗೆ ಯಾರು ಕೇಳ್ತಾರೆ?”

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮಾರುತಿ, ಹ್ಯುಂಡೈ ಮೊದಲಾದ ಕಂಪನಿಗಳ ಲಕ್ಷಾಂತರ ಕಾರುಗಳಲ್ಲಿ ಡಿಆರ್‌ಎಂ ರೇಡಿಯೋ ಕೂತೇ ಬಂದಿದೆ. ತಮ್ಮ ಕಾರಿನಲ್ಲಿ ಅದು ಇದೆಯೆಂದು ಎಷ್ಟೋ ಜನಕ್ಕೆ ಗೊತ್ತೂ ಇಲ್ಲ. ಮನೆಯ ಸೆಟ್ಟುಗಳು ಬೆರಳೆಣಿಕೆಯಷ್ಟು, ನನಗೆ ಸಿಕ್ಕ ಒಂದರ ಬೆಲೆ ಹತ್ತು ಸಾವಿರ ದಾಟಿತ್ತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಸ್ವಂತ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯ ಕೇಂದ್ರದ್ದು. ಅಂಥ ನಾಡಿನಲ್ಲಿ, ಬಾನುಲಿಯ ಹೊಸ ರೂಪ ಮನೆಯನ್ನು ಬಿಟ್ಟು ಕಾರಿನಲ್ಲಿ ಓಡಾಡುತ್ತಿದೆ.

ಕೊನೆಗೆ ಎರಡು ದಾರಿ ಸಿಕ್ಕವು. ಒಂದು, ಪೆನ್‌ಡ್ರೈವ್‌ನಂಥ ರೇಡಿಯೋ ಡಾಂಗಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಡ್ರೀಮ್ ಎಂಬ ಉಚಿತ ತಂತ್ರಾಂಶದಿಂದ ಡಿಆರ್‌ಎಂ ಬಿಡಿಸಿ ಕೇಳುವುದು. ಅದು ನನ್ನ ಒಂದು ತಿಂಗಳ ಮೆಸ್ ಬಿಲ್ಲಿನೊಳಗೆ ಮುಗಿಯಿತು. ಹಾಸ್ಟೆಲ್ ಕೋಣೆಯಲ್ಲಿ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲದಲ್ಲಿ ಅದು ಉಸಿರೆತ್ತಲಿಲ್ಲ. ತಾರಸಿಯ ಮೇಲೆ ವೈರು ಎಳೆದ ಸಂಜೆ, ಮೂರ್ನಾಲ್ಕು ಸೆಕೆಂಡು ಮೌನವಾಗಿದ್ದು, ಇದ್ದಕ್ಕಿದ್ದಂತೆ ಪ್ರದೇಶ ಸಮಾಚಾರ ಓದತೊಡಗಿತು. ಹಿನ್ನೆಲೆಯಲ್ಲಿ ಒಂದು ಚೂರೂ ಗದ್ದಲವಿರಲಿಲ್ಲ. ‘ಸ’ ಪೂರ್ತಿಯಾಗಿತ್ತು.

ಪೂರ್ತಿಯಾಗಿತ್ತೇ? ಅಭ್ಯಾಸಬಲದಿಂದ ಅದನ್ನು ಮುದ್ರಿಸಿಕೊಂಡು ಧ್ವನಿಚಿತ್ರ ತೆಗೆದೆ. ಸಿ.ಡಿ.ಯೊಂದರ ಸಂಗೀತಕ್ಕೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಮಧ್ಯಮ ತರಂಗದ ಡಿಆರ್‌ಎಂನಲ್ಲಿ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು ಸಿಗುತ್ತದೆ. ಅಷ್ಟರಲ್ಲಿ ಎಲ್ಲ ಸದ್ದನ್ನೂ ಕಳಿಸಲಾಗದು. ಆದ್ದರಿಂದ ಕೆಳಗಿನ ಸ್ವರಗಳನ್ನು ಮಾತ್ರ ಕಳಿಸಿ, ಮೇಲಿನವುಗಳ ಬಗ್ಗೆ ಒಂದು ಚುಟುಕು ಟಿಪ್ಪಣಿ ಕಳಿಸುತ್ತಾರೆ. ರೇಡಿಯೋ ಆ ಟಿಪ್ಪಣಿ ಓದಿಕೊಂಡು, ಕೆಳಗಿನ ಸದ್ದನ್ನೇ ನಕಲು ಮಾಡಿ, ತಿದ್ದಿ, ಮೇಲೆ ಕೂರಿಸುತ್ತದೆ. ಅಂದರೆ ನಾನು ಕೇಳಿದ ‘ಸ’ದ ಮೇಲ್ಭಾಗ ವಾರ್ತಾವಾಚಕರ ಹಲ್ಲುಗಳ ನಡುವಿನ ಗಾಳಿಯಲ್ಲ, ರೇಡಿಯೋ ಹೊಲಿದು ಕೊಟ್ಟ ತೇಪೆ. ನನ್ನ ಸಂಶೋಧನೆಗೆ ಅದು ಕೆಲಸಕ್ಕೆ ಬಾರದು. ಕೇಳುಗರಿಗೆ ಮಾತ್ರ ಅದರಿಂದ ನಷ್ಟವಿಲ್ಲ. ‘ಸ’ ಹೇಗೂ ಬರೀ ಗಾಳಿಯ ಸದ್ದು, ಅದಕ್ಕೆ ತೇಪೆ ಹಾಕಿದರೆ ಕಾಣಿಸುವುದಿಲ್ಲ. ಕಾಣಿಸುವುದು ಸಭೆಯ ಚಪ್ಪಾಳೆಯಲ್ಲಿ, ಮೃದಂಗದ ಚೂಪಾದ ಪೆಟ್ಟಿನಲ್ಲಿ. ಕಛೇರಿಯೊಂದು ಬಂದಾಗ ಚಪ್ಪಾಳೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತಿರದೆ, ನೀರು ಕಲಕಿದಂತೆ ಕೇಳಿತು.

ಡಿಜಿಟಲ್ ಎಂದರೆ ಒಳ್ಳೆಯ ಸದ್ದು ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿಕೊಳ್ಳಬೇಕು. ಡಿಜಿಟಲ್ ಸದ್ದು ನಿರ್ಮಲವಾಗಿರುತ್ತದೆ. ಒಳ್ಳೆಯದಾಗಿರಬೇಕಾದರೆ ಪ್ರತಿ ಕೇಂದ್ರಕ್ಕೂ ಸಾಕಷ್ಟು ಬಿಟ್‌ಗಳನ್ನು ಕೊಡಬೇಕು. ಬ್ರಿಟನ್ನಿನಲ್ಲಿ ಬಿಬಿಸಿ 1995ರಲ್ಲೇ ಡ್ಯಾಬ್ ಎಂಬ ಇನ್ನೊಂದು ಬಗೆಯ ಡಿಜಿಟಲ್ ಪ್ರಸಾರ ಆರಂಭಿಸಿತು. ಅಲ್ಲಿ ಒಂದೇ ಜಾಗದಲ್ಲಿ ಹೆಚ್ಚು ಹೆಚ್ಚು ಕೇಂದ್ರಗಳನ್ನು ತುರುಕಿದಂತೆ ಒಂದೊಂದರ ಪಾಲೂ ಇಳಿಯಿತು. ಸಂಗೀತದ ಕೆಲವು ಕೇಂದ್ರಗಳು ಸ್ಟೀರಿಯೋ ಬಿಟ್ಟು ಮೋನೋಗೆ ಬಂದವು. ಹಳೆಯ ಎಫ್‌ಎಂ ಸದ್ದೇ ಚೆನ್ನಾಗಿತ್ತು ಎನ್ನುವ ಕೇಳುಗರು ಅಲ್ಲಿ ಇಂದಿಗೂ ಇದ್ದಾರೆ. ಎಷ್ಟು ಬೆಲೆಯ ಟ್ಯೂನರ್ ತಂದರೂ ಕಳಿಸದೆ ಇದ್ದದ್ದನ್ನು ಅದು ಹುಡುಕಿ ತರಲಾರದು.

ಎರಡನೆಯ ದಾರಿ ಎರವಲು. ರೇಡಿಯೋ ಹುಚ್ಚಿನ ಗೆಳೆಯರೊಬ್ಬರು ತಮ್ಮ ಡಿಆರ್‌ಎಂ ಸೆಟ್ಟನ್ನು ಹದಿನೈದು ದಿನಕ್ಕೆ ಕೊಟ್ಟರು. ಅದನ್ನು ಊರಿಗೆ ಒಯ್ದು ಯಂತ್ರದ ಪಕ್ಕ ಇಟ್ಟೆ. ಹೊಸ್ತಿಲ ಬಳಿ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದ ಅಮ್ಮ ತಲೆಯೆತ್ತಿ, “ಯಾರೋ ಒಳಗೇ ಕೂತು ಓದ್ದಂಗೈತಲ್ಲೇ” ಅಂದಳು. ಅಪ್ಪ ಏನೂ ಅನ್ನದೆ ಪೆಡಲ್ ಒತ್ತಿದರು.

ತೋಳಿನ ಸಣ್ಣ ಹೊಲಿಗೆ ಹಾಕುವಾಗ ವಾರ್ತೆಗೆ ಏನೂ ಆಗಲಿಲ್ಲ. ಡಿಆರ್‌ಎಂನಲ್ಲಿ ಸದ್ದಿನ ಚೂರುಗಳನ್ನು ಸಾಲಾಗಿ ಕಳಿಸದೆ, ಹಿಂದೆಮುಂದೆ ಚೆದುರಿಸಿ ಕಳಿಸುತ್ತಾರೆ. ನಡುವೆ ಒಂದು ಕ್ಷಣ ಅಡ್ಡಿ ಬಂದರೆ ಉಳಿದ ಚೂರುಗಳಿಂದ ಮಾತನ್ನು ಮತ್ತೆ ಕೂಡಿಸಿಕೊಳ್ಳಬಹುದು. ಲಂಗದ ಉದ್ದನೆಯ ಅಂಚು ಹೊಲಿಯಲು ಶುರುಮಾಡಿದಾಗ ಮಾತ್ರ ವಾರ್ತೆ ಒಮ್ಮೆ ತಡವರಿಸಿ, ಪೂರ್ತಿ ನಿಂತುಹೋಯಿತು. ಗೊರಗೊರವೂ ಇಲ್ಲ, ಮಾತೂ ಇಲ್ಲ. ಅಂಚು ಮುಗಿದ ಮೇಲೆ ಮತ್ತೆ ಬಂತು, ಅಷ್ಟರಲ್ಲಿ ಮಳೆಯ ಸುದ್ದಿ ಮುಗಿದಿತ್ತು. ಅಪ್ಪ ಹಳೆಯ ಸೆಟ್ಟಿನ ಕಡೆ ಕೈ ತೋರಿಸಿದರು. “ಅದು ಎಷ್ಟ್ ಕೂಗುದ್ರೂ ಮಧ್ಯದಲ್ಲಿ ಮಳೆ ಅನ್ನೋದು ಕೇಳುತ್ತೆ ಕಣಮ್ಮ. ಇದು ಮಾತನ್ನೇ ನುಂಗ್ಬಿಡುತ್ತೆ.”

ಅಪ್ಪನಿಗೆ ಅರವತ್ತನಾಲ್ಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ಅಮ್ಮ ಬೆರಗಾದ ಆ ಗರಿಗರಿ ‘ಸ’ ಅಪ್ಪನ ಮಟ್ಟಿಗೆ ಅಷ್ಟೇನೂ ದೊಡ್ಡ ಲಾಭವಲ್ಲ. ಅವರಿಗೆ ಬೇಕಾದದ್ದು ಎಳೆ ಹರಿಯದ ಮಾತು.

ಮರುದಿನ ಸೆಟ್ಟಿನ ಜಾಗ ಬದಲಿಸಿದೆವು. ಕರೆಂಟಿನ ವೈರು ಕಿತ್ತು ಸೆಲ್ಲು ಹಾಕಿದೆವು, ಏಕೆಂದರೆ ಮೋಟಾರಿನ ಗಲಾಟೆ ಅರ್ಧ ಬರುವುದು ಆ ವೈರಿನಿಂದಲೇ. ಯಂತ್ರದಿಂದ ಎಂಟು-ಹತ್ತು ಅಡಿ ದೂರದ ಕಿಟಕಿಯಲ್ಲಿಟ್ಟು, ನಿಧಾನವಾಗಿ ತಿರುಗಿಸುತ್ತ ಹೋದೆವು. ಸೆಟ್ಟಿನೊಳಗಿನ ಫೆರೈಟ್ ಕಡ್ಡಿ ತನ್ನ ತುದಿಯ ದಿಕ್ಕಿನಿಂದ ಬರುವ ತರಂಗವನ್ನು ಹಿಡಿಯುವುದಿಲ್ಲ, ಪಕ್ಕದಿಂದ ಬಂದದ್ದನ್ನು ಹಿಡಿಯುತ್ತದೆ. ತುದಿ ಮೋಟಾರಿನ ಕಡೆಗೂ ಪಕ್ಕ ಬೆಂಗಳೂರಿನ ಕಡೆಗೂ ಬರುವಂಥ ಒಂದು ಕೋನ ಸಿಕ್ಕಿತು. ಆಮೇಲೆ ಎರಡು ಲಂಗ ಹೊಲಿದರೂ ವಾರ್ತೆ ನಿಲ್ಲಲಿಲ್ಲ. ಉಳಿದ ದೂರು ಒಂದೇ: ಗಂಟೆಯ ಬೀಪು ಹಳೆಯ ಸೆಟ್ಟಿಗಿಂತ ಕೆಲವು ಸೆಕೆಂಡು ತಡ. ಗಡಿಯಾರ ಹೊಂದಿಸಲು ಅದು ಬೇಡವೆಂದು ಅಪ್ಪ ತೀರ್ಪು ಕೊಟ್ಟರು.

2025ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಖಾಸಗಿ ಡಿಜಿಟಲ್ ರೇಡಿಯೋಗೆ ಶಿಫಾರಸು ಮಾಡಿತು. ಯಾವ ತಂತ್ರಜ್ಞಾನ, ಎಷ್ಟು ಆವರ್ತನ, ಏನು ದರ ಎಂಬ ಚರ್ಚೆ ಮುಂದೆ ನಡೆಯುತ್ತದೆ. ಆ ಚರ್ಚೆಯ ನಡುವೆ ಹಳೆಯ ಮಧ್ಯಮ ತರಂಗವನ್ನು ನಿಲ್ಲಿಸುವ ಮಾತು ಬಂದರೆ, ಕಾರಿಲ್ಲದ ಮನೆಗಳಲ್ಲಿ ಆಗ ಏನು ಕೇಳುತ್ತದೆ ಎಂದು ಯಾರಾದರೂ ಕೇಳಬೇಕು.

ಸೆಟ್ಟು ಹಿಂದಿರುಗಿಸುವ ಮೊದಲು ಅಪ್ಪ ಬೆಲೆ ವಿಚಾರಿಸಿದರು. ಹೇಳಿದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, “ಐವತ್ತು ರವಿಕೆ” ಅಂದರು. ಆಮೇಲೆ ದಾರ ಕಚ್ಚಿ ಕತ್ತರಿಸಿ, “ಸೆಲ್ಲಲ್ಲಿ ಓಡ್ಬೇಕು, ಮಾತು ನುಂಗ್ಬಾರ್ದು, ಐದ್ ರವಿಕೆ ದುಡ್ಡಲ್ಲಿ ಸಿಗ್ಬೇಕು. ಅಂಥದ್ದು ಬಂದ್ರೆ ತಗೊಂಬಾ” ಅಂದು ಮುಂದಿನ ಅಳತೆಗೆ ಟೇಪು ಎತ್ತಿಕೊಂಡರು.