ಇಲ್ಲದ ಮೀನಿಗೆ ಊಟ

ನಮ್ಮ ಅಕ್ವೇರಿಯಂ ತೊಳೆಯಲು ನಾನು ಕಾದದ್ದು ಒಂದು ಹೇಂಟೆಯ ಒಪ್ಪಿಗೆಗಾಗಿ. ಸೌದೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಆ ಗಾಜಿನ ಪೆಟ್ಟಿಗೆಗೆ ಹುಲ್ಲು ಹಾಸಿ ಅಮ್ಮ ವರ್ಷಾ ವರ್ಷ ಕೋಳಿ ಕಾವಿಗೆ ಕೂರಿಸುತ್ತಾಳೆ. ಮೇಲೊಂದು ಹಲಗೆ ಮುಚ್ಚಿದರೆ ಮುಗಿಯಿತು, ಮುಂಗುಸಿ ಬಂದರೂ ಗಾಜಿನಾಚೆ ನಿಂತು ನೋಡಿ ಹೋಗಬೇಕು. ಈ ಸಲದ ಮರಿಗಳು ಅಂಗಳಕ್ಕಿಳಿದ ಮೇಲೆ, ಮಳೆ ಪೂರ್ತಿ ಹಿಂದಾದ ಮೇಲೆ, ಪೆಟ್ಟಿಗೆ ನನ್ನ ಕೈಗೆ ಬಂತು.

ಅದು ಕುದುರೆಮುಖದ್ದು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತಲ್ಲ, ಆಗ ಕ್ವಾರ್ಟರ್ಸ್ ಖಾಲಿ ಮಾಡಿ ಹೊರಟ ಒಬ್ಬರು ಲಾರಿಗೆ ಹತ್ತದ್ದನ್ನೆಲ್ಲ ಹಂಚುತ್ತಾ ಅಪ್ಪನಿಗೆ ಇದನ್ನು ಕೊಟ್ಟರು. ನಾಲ್ಕು ಗೋಲ್ಡ್ ಫಿಶ್ ಒಂದೂವರೆ ವರ್ಷ ಬದುಕಿದವು. ಪುನರ್ವಸು ಮಳೆಯಲ್ಲಿ ಮರ ಬಿದ್ದು ಐದು ದಿನ ಕರೆಂಟಿಲ್ಲ, ಗಾಳಿಯ ಮೋಟರು ನಿಂತಿತು, ಮೂರನೆಯ ದಿನ ಮೀನು ಮೇಲೆ ತೇಲಿದವು. ನಮ್ಮೂರು ಸಂಸೆಯ ಮಳೆಗಾಲಕ್ಕೂ ಅಕ್ವೇರಿಯಂಗೂ ಆಗಿಬರುವುದಿಲ್ಲ ಎಂದು ಅಪ್ಪ ತೀರ್ಪು ಕೊಟ್ಟರು. ಈಗ ಮನೆಯಲ್ಲಿ ಇನ್ವರ್ಟರ್ ಇದೆ, ತಮ್ಮನ ಮಗಳಿಗೆ ಮೀನು ಬೇಕಾಗಿದೆ.

ಹೇಂಟೆಯ ಗಲೀಜು ಸಲೀಸಾಗಿ ಹೋಯಿತು. ಹೋಗದೆ ಉಳಿದದ್ದು ಮೇಲಿನ ಅಂಚಿನಿಂದ ನಾಲ್ಕು ಬೆರಳು ಕೆಳಗೆ, ಸುತ್ತಲೂ ಕಟ್ಟಿದ್ದ ಬಿಳಿ ಗೆರೆ. ಉಗುರಿಗೆ ಗರಗರ ಸಿಗುತ್ತದೆ, ಏಳುವುದಿಲ್ಲ. ಸೋಪು ಹಾಕುವಂತಿಲ್ಲ, ಅದರ ಅಂಶ ಉಳಿದರೆ ಮೀನಿನ ಕಿವಿರಿಗೆ ವಿಷ. ಬಕೆಟ್ಟೂ ಹುಡುಕಿ ತರಬೇಕಾಯಿತು. ತೋಟದ ಮನೆಯ ಬಕೆಟ್ಟುಗಳಿಗೆಲ್ಲ ಮೈಲುತುತ್ತದ ನೀಲಿ ಕಲೆ. ಅಡಿಕೆ, ಮೆಣಸು ಕಾಯುವ ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಮೀನನ್ನು ಉಳಿಸುವುದಿಲ್ಲ. ಕೊನೆಗೆ ಹಾಲಿನ ಬಕೆಟ್ಟೇ ಗತಿ.

‘ಅಲ್ಲ ಮಾರಾಯ, ಹೇರಳೆಕಾಯಿ ಹಾಕಿ ಉಜ್ಜು. ಹಿತ್ತಾಳೆ ಚೊಂಬಿಗೆ ಹಾಕಲ್ವಾ?’ ಎಂದಳು ಅಮ್ಮ, ಅಡುಗೆಮನೆಯಿಂದಲೇ.

ಹೋಳು ಮಾಡಿ ಗೆರೆಯ ಮೇಲೆ ಒತ್ತಿ ಹಿಡಿದೆ. ಕಿವಿ ಹತ್ತಿರ ತಂದರೆ ಸಣ್ಣಗೆ ಚುರುಚುರು ಸದ್ದು. ಅಂದರೆ ಸುಣ್ಣವೇ. ಆದರೆ ನಮ್ಮಲ್ಲಿ ಸುಣ್ಣ ಎಲ್ಲಿಂದ ಬರಬೇಕು? ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು ಎಷ್ಟು ಮೆದುವೆಂದರೆ ಬಿಸಿನೀರಿನ ಹಂಡೆಗೆ ಇಷ್ಟು ವರ್ಷವಾದರೂ ಬಿಳಿ ಕಟ್ಟಿಲ್ಲ. ಬೆಂಗಳೂರಿನ ತಂಗಿಯ ಮನೆಯಲ್ಲಾದರೆ ಬೋರ್‌ವೆಲ್ ನೀರಿಗೆ ನಲ್ಲಿಯ ಬಾಯಿಯೇ ಕಟ್ಟಿಹೋಗುತ್ತದೆ.

ಉತ್ತರ ತಳದ ಮರಳಿನಲ್ಲಿ ಸಿಕ್ಕಿತು. ಮಗು ಅಯಸ್ಕಾಂತ ಆಡಿಸಿ ಕಪ್ಪು ಕಣಗಳನ್ನು ಆಯುತ್ತಿದ್ದಳು. ಕುದುರೆಮುಖದ ಅದಿರು ಮ್ಯಾಗ್ನೆಟೈಟ್, ಅದು ಅಯಸ್ಕಾಂತಕ್ಕೆ ಅಂಟುವುದು ಆಶ್ಚರ್ಯವಲ್ಲ. ‘ದೊಡ್ಡಪ್ಪ, ಇದು ಅಂಟಲ್ಲ’ ಎಂದು ಕೊಟ್ಟದ್ದು ಒಂದು ಕಡಲ ಚಿಪ್ಪು. ಕೆದಕಿದರೆ ಇನ್ನೂ ಹತ್ತಿಪ್ಪತ್ತು. ಘಟ್ಟ ಇಳಿದರೆ ಕಡಲು, ಪೆಟ್ಟಿಗೆ ಕೊಟ್ಟವರು ಯಾವಾಗಲೋ ಆಯ್ದು ತಂದದ್ದಿರಬೇಕು. ಒಂದರ ಮೇಲೆ ಹೇರಳೆ ಹಿಂಡಿದೆ. ಅದೇ ಚುರುಚುರು. ಚಿಪ್ಪಿನ ಸುಣ್ಣ ನಮ್ಮ ಮೆದು ನೀರಿನಲ್ಲಿ ಮೆಲ್ಲಗೆ ಕರಗಿದೆ, ನೀರು ಆರಿದಲ್ಲಿ ಗಾಜಿಗೆ ಕಟ್ಟಿದೆ.

ಎಸೆಯಲು ಹೊರಟವನು ಎಸೆಯಲಿಲ್ಲ. ಗೋಲ್ಡ್ ಫಿಶ್‌ಗೆ ತುಸು ಗಡಸು ನೀರೇ ಹಿತ. ಪೂರಾ ಮೆದು ನೀರು ಬೇಗ ಹುಳಿಯಾಗುತ್ತದೆ, ಚಿಪ್ಪು ಆ ಹುಳಿಯನ್ನು ತಡೆಯುತ್ತದೆ. ಆ ಪುಣ್ಯಾತ್ಮರು ಚೆಂದಕ್ಕೆ ಹಾಕಿದ್ದರೋ ತಿಳಿದೇ ಹಾಕಿದ್ದರೋ! ಆರು ಚಿಪ್ಪು ವಾಪಸು ಮರಳಿಗೆ ಹೋದವು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ: ಕಂಠಮಟ್ಟ ತುಂಬಿದರೆ ಸುಮಾರು 56 ಲೀಟರು, ಅಷ್ಟೇ ಕೆ.ಜಿ. ಒಂದು ಚೀಲ ಕಾಫಿಗಿಂತ ಹೆಚ್ಚು. ವರ್ಷಗಟ್ಟಲೆ ಒಣಗಿದ ಸಿಲಿಕೋನ್ ಅಂಟನ್ನು ನಂಬಿ ಅದನ್ನು ಜಗಲಿಗೆ ತರುವ ಧೈರ್ಯವಿರಲಿಲ್ಲ. ಅಂಗಳದಲ್ಲೇ ಹಳೇ ಪೇಪರಿನ ಮೇಲಿಟ್ಟು ತುಂಬಿದೆ. ಬೆಳಿಗ್ಗೆ ಒಂದು ಮೂಲೆಯಲ್ಲಿ ಪೇಪರು ಒದ್ದೆ. ಹಳೆ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ, ಆ ಮೂಲೆಯದ್ದನ್ನು ಬ್ಲೇಡಿನಲ್ಲಿ ಹೆರೆದು ಹೊಸದು ಬಳಿದು ಮೂರು ದಿನ ಒಣಗಿಸಿದೆ. ಎರಡನೆಯ ಸಲ ಪೇಪರು ಗರಿಗರಿಯಾಗೇ ಇತ್ತು.

ನೀರು ತುಂಬಿತು, ಮೋಟರು ಗುಳುಗುಳು ಎಂದಿತು, ಮಗು ಕುರ್ಚಿ ಎಳೆದು ಕೂತಳು. ‘ಮೀನೆಲ್ಲಿ?’ ಇನ್ನು ಒಂದು ತಿಂಗಳು ಮೀನಿಲ್ಲ ಎಂದು ಅವಳಿಗೆ ಹೇಳುವುದು ಗೆರೆ ಉಜ್ಜುವುದಕ್ಕಿಂತ ಕಷ್ಟದ ಕೆಲಸ. ಮೀನಿನ ಗಲೀಜು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಅದನ್ನು ನೈಟ್ರೇಟ್ ಮಾಡಬೇಕು. ತೋಟಕ್ಕೆ ಯೂರಿಯಾ ಎರಚಿದಾಗ ಮಣ್ಣಿನೊಳಗೆ ನಡೆಯುವುದೂ ಇದೇ. ಆ ಬ್ಯಾಕ್ಟೀರಿಯಾ ಮರಳಲ್ಲಿ ಬೇರೂರಲು ನಾಲ್ಕಾರು ವಾರ ಬೇಕು. ಅವಕ್ಕೆ ತಿನ್ನಲು ಏನಾದರೂ ಕೊಳೆಯಬೇಕಲ್ಲ, ಹಾಗಾಗಿ ದಿನಾ ಚಿಟಿಕೆ ಮೀನಿನ ಆಹಾರ ಉದುರಿಸುತ್ತೇನೆ.

‘ಇಲ್ಲದ ಮೀನಿಗೆ ಊಟ ಹಾಕ್ತಿದ್ದೀಯಲ್ಲ’ ಎಂದು ನಕ್ಕ ಅಮ್ಮ, ತುಸು ಹೊತ್ತು ಬಿಟ್ಟು ‘ಹಿರಿಯರಿಗೆ ಎಡೆ ಇಡಲ್ವಾ, ಹಾಗೆ ಅಂದ್ಕೊಳ್ಳೋದು’ ಎಂದಳು.

ಇವತ್ತಿಗೆ ಹದಿನೆಂಟು ದಿನ. ನೀರು ಒಮ್ಮೆ ಹಾಲಿನಂತೆ ಕದಡಿ ಮತ್ತೆ ತಿಳಿಯಾಗಿದೆ. ಹೇಂಟೆ ಎರಡು ಸಲ ಜಗಲಿ ಹತ್ತಿ ಗಾಜಿಗೆ ಕುಕ್ಕಿ ಹೋಗಿದೆ.