ಸೂಸನ್ ಬಂದಳಾ?



ಕಳೆದ ಸಲ ಊರಿಗೆ ಬಂದಾಗ ಚರ್ಚ್ ಅಂಗಳದಲ್ಲಿ ನಿಮ್ಮಲ್ಲಿ ಒಂದಿಬ್ಬರು, "ಅಕ್ಕ, ಇಂಗ್ಲೆಂಡಿನಲ್ಲಿ ಡ್ಯೂಟಿ ಬಿಟ್ಟರೆ ಮತ್ತೇನು ಮಾಡ್ತೀರಿ?" ಎಂದು ಕೇಳಿದ್ದಿರಿ. "ನಿದ್ದೆ" ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಡ್ಯೂಟಿಯ ನಡುವೆಯೇ ನಾನೊಂದು ಟಿವಿ ಧಾರಾವಾಹಿಗೆ ಸಿಕ್ಕಿಬಿದ್ದಿದ್ದೇನೆ. ಅದೂ ನನ್ನ ಅಮ್ಮ ಹುಟ್ಟುವ ಮೊದಲೇ, 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದದ್ದು. ಹೆಸರು 'ಡಾಕ್ಟರ್ ಹೂ'.

ನಾನು ಕೆಲಸ ಮಾಡುವುದು ವಯಸ್ಸಾದವರ ಕೇರ್ ಹೋಮಿನಲ್ಲಿ. ಅಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದಾರೆ. ಆ ಊರಿನಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವ ಪದ್ಧತಿ. ನಾನೂ ಹಾಗೆಯೇ ಕರೆಯುತ್ತೇನೆ, ಆದರೆ ಮನಸ್ಸಿನೊಳಗೆ ಅವರು ಅಜ್ಜ. ಮರೆವಿನ ಕಾಯಿಲೆ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆದರೆ ಹತ್ತು ವರ್ಷದ ಹುಡುಗನಾಗಿ ನೋಡಿದ ಈ ಧಾರಾವಾಹಿಯ ಯಾವ ಕಂತಿಗೂ ಯಾವ ಕಂತಿಗೂ ನಂಟು ಎಂಬುದು ಬಾಯಿಪಾಠ. ಮಗ ತಂದುಕೊಟ್ಟ ಡಿವಿಡಿಗಳ ಕಟ್ಟು ಮಂಚದ ಪಕ್ಕದಲ್ಲೇ ಇದೆ. ಸಂಜೆಯ ಮಾತ್ರೆ ಕೊಡಲು ಹೋದವಳನ್ನು ಕೂರಿಸಿ ಕಥೆ ಹೇಳುತ್ತಾರೆ.

ನೋಡದವರಿಗಾಗಿ ಎರಡು ಮಾತು. ಈ ಡಾಕ್ಟರ್ ನಮ್ಮ ಆಸ್ಪತ್ರೆಯ ಡಾಕ್ಟರ್ ಅಲ್ಲ. ಬೇರೆ ಗ್ರಹದವನು, ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವವನು. ಅವನ ವಾಹನ ಹೊರಗಿನಿಂದ ನೋಡಿದರೆ ಹಳೇ ಕಾಲದ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಅರಮನೆಯಷ್ಟು ದೊಡ್ಡದು. ಮೊದಲ ಕಥೆಯ ನಿರ್ದೇಶಕರು ಯಾರು ಗೊತ್ತೇ? ನಮ್ಮ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗೆ 24 ವರ್ಷ. ಇದನ್ನು ಅಜ್ಜ ನನಗೆ ಹತ್ತು ಸಲವಾದರೂ ಹೇಳಿರಬಹುದು, ಪ್ರತಿ ಸಲವೂ "ನಿಮ್ಮ ದೇಶದವರು" ಎಂದು ಸೇರಿಸಿಯೇ.

ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್ನೆಲ್ ಅವರಿಗೆ ಆರೋಗ್ಯ ಕೆಟ್ಟಿತು. ಧಾರಾವಾಹಿ ನಿಲ್ಲಿಸುವ ಬದಲು 1966ರಲ್ಲಿ ಒಂದು ಉಪಾಯ ಮಾಡಿದರು. ಸಾಯುವ ಹೊತ್ತಿಗೆ ಡಾಕ್ಟರನ ದೇಹವೇ ಬದಲಾಗಿ ಹೊಸ ಮುಖ ಬರುತ್ತದೆ ಎಂದು ಕಥೆ ಕಟ್ಟಿದರು. ನೆಲದ ಮೇಲೆ ಬಿದ್ದವರು ಹಾರ್ಟ್ನೆಲ್, ಎದ್ದವರು ಪ್ಯಾಟ್ರಿಕ್ ಟ್ರೌಟನ್. ಹೀಗೆ ಮುಖ ಬದಲಾಗುತ್ತಾ ಬದಲಾಗುತ್ತಾ ಅರವತ್ತು ವರ್ಷ ದಾಟಿತು. ನಡುವೆ 1989ರಿಂದ 2005ರವರೆಗೆ ಒಂದು ಟಿವಿ ಸಿನಿಮಾ ಬಿಟ್ಟರೆ ನಿಂತೇ ಹೋಗಿತ್ತು.

ಇಷ್ಟು ಉದ್ದದ ಕಥೆಯಲ್ಲಿ ಲೆಕ್ಕ ತಪ್ಪದೇ ಇರುತ್ತದೆಯೇ? ತಪ್ಪಿದೆ, ಚೆನ್ನಾಗಿಯೇ ತಪ್ಪಿದೆ. 1987ರಲ್ಲಿ ಡಾಕ್ಟರನಿಗೆ 953 ವರ್ಷ. 2005ರಲ್ಲಿ ಹೊಸದಾಗಿ ಬಂದಾಗ 900. ನಮ್ಮಲ್ಲಿ ಮದುವೆ ಮಾತುಕತೆಯಲ್ಲಿ ಮಾತ್ರ ಹೀಗೆ ವಯಸ್ಸು ಇಳಿಯುವುದುಂಟು. ಇನ್ನೊಂದು ಇದಕ್ಕಿಂತ ದೊಡ್ಡದು. ಸೇನಾಪಡೆಯ ಬ್ರಿಗೇಡಿಯರ್ ಜೊತೆ ಡಾಕ್ಟರ್ ಕೆಲಸ ಮಾಡಿದ ದಿನಗಳು ಯಾವ ಇಸವಿಯವು ಎಂಬುದು. 1975ರ ಒಂದು ಕಥೆಯಲ್ಲಿ ಡಾಕ್ಟರನ ಜೊತೆಗಾತಿ ಸಾರಾ ಜೇನ್ ತಾನು 1980ರವಳು ಎನ್ನುತ್ತಾಳೆ. 1983ರ ಕಥೆಯಲ್ಲಿ ನೋಡಿದರೆ ಅದೇ ಬ್ರಿಗೇಡಿಯರ್ 1976ರಲ್ಲೇ ನಿವೃತ್ತ! ಇದನ್ನು ಸರಿಮಾಡಲು ಅಭಿಮಾನಿಗಳು ದಶಕಗಳಿಂದ ಜಗಳ ಮಾಡುತ್ತಿದ್ದಾರೆ. ಅಜ್ಜನನ್ನು ಕೇಳಿದರೆ, "ನನಗೆ ಇವತ್ತು ಯಾವ ವಾರ ಅಂತಲೇ ಗೊತ್ತಿಲ್ಲ, ಅವರಿಗೆ ಗೊತ್ತಿರಬೇಕಾ?" ಎಂದು ನಗುತ್ತಾರೆ.

ಅವರಿಗೆ ಇಷ್ಟವಾಗುವ ಕೊಂಡಿಗಳೇ ಬೇರೆ. 2013ರಲ್ಲಿ ಐವತ್ತನೇ ವರ್ಷದ ವಿಶೇಷ ಕಂತು ಬಂತು. ಅದರ ಆರಂಭದಲ್ಲಿ ಒಂದು ಶಾಲೆಯ ಬೋರ್ಡ್ ಕಾಣಿಸುತ್ತದೆ. ಅಜ್ಜ ರಿಮೋಟ್ ಒತ್ತಿ ಅಲ್ಲೇ ನಿಲ್ಲಿಸಿದರು. ಕೋಲ್ ಹಿಲ್ ಶಾಲೆ. ಆಡಳಿತ ಮಂಡಳಿಯ ಅಧ್ಯಕ್ಷರು ಐ. ಚೆಸ್ಟರ್ಟನ್. ಇಯಾನ್ ಚೆಸ್ಟರ್ಟನ್ 1963ರ ಮೊದಲ ಕಂತಿನಲ್ಲಿ ಅದೇ ಶಾಲೆಯ ವಿಜ್ಞಾನ ಮೇಷ್ಟ್ರು! ಅಂದರೆ ಅವರು ಸುರಕ್ಷಿತವಾಗಿ ಮನೆಗೆ ಮರಳಿ, ಬಾಳಿ, ಊರಲ್ಲಿ ದೊಡ್ಡ ಮನುಷ್ಯರಾಗಿದ್ದಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬೋರ್ಡ್ ಹೇಳುತ್ತದೆ. ಗಡಿನಾಡಿನ ನಾವೂ ಶಾಲೆಯ ಬೋರ್ಡುಗಳನ್ನು ಹೀಗೆಯೇ ನಿಂತು ಓದುವವರಲ್ಲವೇ, ಕನ್ನಡ ಅಕ್ಷರ ಇನ್ನೂ ಉಳಿದಿದೆಯೋ ಎಂದು. 2022ರ ಅಕ್ಟೋಬರಿನಲ್ಲಿ ಆ ಮೇಷ್ಟ್ರ ಪಾತ್ರದ ವಿಲಿಯಂ ರಸೆಲ್ ಅವರೇ ಒಂದು ದೃಶ್ಯದಲ್ಲಿ ಬಂದು ಕೂತರು. 57 ವರ್ಷಗಳ ನಂತರ ಅದೇ ಪಾತ್ರ. ಅವರಿಗೆ ಆಗ 97 ವರ್ಷ.

ಬ್ರಿಗೇಡಿಯರ್ ವಿಷಯ ನಾನು ಹೇಳಲೇಬೇಕು. ನಿಕೋಲಸ್ ಕೋರ್ಟ್ನಿ ಎಂಬ ನಟ. 1968ರಲ್ಲಿ ಕರ್ನಲ್ ಆಗಿ ಬಂದವರು ಮುಂದೆ ಬ್ರಿಗೇಡಿಯರ್ ಆಗಿ ಡಾಕ್ಟರನ ಜೀವದ ಗೆಳೆಯನಾದರು. ಡಾಕ್ಟರನ ಮುಖ ಎಷ್ಟು ಸಲ ಬದಲಾದರೂ ಗುರುತು ಹಿಡಿದವರು. ಬಿಬಿಸಿಯವರು ಆಗೆಲ್ಲ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಹಾಗಾಗಿ 1960ರ ದಶಕದ ಎಷ್ಟೋ ಕಂತುಗಳ ಚಿತ್ರ ಈಗಿಲ್ಲ. ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಮಕ್ಕಳಿಂದಾಗಿ ಧ್ವನಿ ಮಾತ್ರ ಉಳಿದಿದೆ. 2013ರಲ್ಲಿ ನೈಜೀರಿಯಾದಲ್ಲಿ ಸಿಕ್ಕ ಕೆಲವು ಕಂತುಗಳಲ್ಲಿ ಈ ಕರ್ನಲ್ ಬರುವ ಆ ಮೊದಲ ಕಥೆಯವೂ ಇದ್ದವು. ಆದರೆ ಅವರು ಮೊದಲು ಮುಖ ತೋರಿಸುವ ಮೂರನೆಯ ಕಂತು ಮಾತ್ರ ಇಲ್ಲ. ಗೆಳೆತನ ಇದೆ, ಅದು ಶುರುವಾದ ಗಳಿಗೆ ಕಳೆದುಹೋಗಿದೆ.

ಕೊನೆ ಉಳಿದಿದೆ. ಕೋರ್ಟ್ನಿ 2011ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನ ಕಂತಿನಲ್ಲಿ ಡಾಕ್ಟರ್ ತನ್ನ ಸಾವಿನಿಂದ ತಪ್ಪಿಸಿಕೊಂಡು ಓಡುತ್ತಿರುತ್ತಾನೆ. ತನ್ನ ಕೈಯಲ್ಲಿ ಬೇಕಾದಷ್ಟು ಕಾಲ ಇದೆ ಎಂಬ ಜಂಬ. ಹಳೆಯ ಗೆಳೆಯನನ್ನು ಕರೆದುಕೊಂಡು ಸುತ್ತಾಡಿ ಬರೋಣವೆಂದು ಫೋನ್ ಮಾಡುತ್ತಾನೆ. ಫೋನ್ ಎತ್ತುವುದು ಒಂದು ನರ್ಸಿಂಗ್ ಹೋಮಿನ ನರ್ಸ್. ಬ್ರಿಗೇಡಿಯರ್ ಕೆಲವು ತಿಂಗಳ ಹಿಂದೆ ಶಾಂತವಾಗಿ ತೀರಿಕೊಂಡರು ಎನ್ನುತ್ತಾಳೆ. ನಿಮ್ಮ ವಿಷಯ ತುಂಬ ಹೇಳುತ್ತಿದ್ದರು, ನೀವು ಯಾವತ್ತಾದರೂ ಬರಬಹುದೆಂದು ಇನ್ನೊಂದು ಗ್ಲಾಸ್ ಬ್ರಾಂಡಿ ಹಾಕಿಸಿ ಇಡುತ್ತಿದ್ದರು ಎಂದೂ ಹೇಳುತ್ತಾಳೆ.

ಆ ಕಂತು ಮುಗಿಯುವವರೆಗೆ ನನ್ನ ಕೈಯಲ್ಲಿ ಮಾತ್ರೆಯ ಕಪ್ ಹಾಗೆಯೇ ಇತ್ತು. ಆ ನರ್ಸ್ ಹೇಳಿದ ಮಾತನ್ನು ನಾನೂ ಫೋನಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. "ಶಾಂತವಾಗಿ" ಎಂಬ ಪದವನ್ನು ಎಲ್ಲಿ ಇಡಬೇಕು ಎಂಬುದು ನಮಗೆ ಅಭ್ಯಾಸವಾಗಿರುತ್ತದೆ. ಕೇಳಿಸಿಕೊಂಡದ್ದು ಮಾತ್ರ ಒಂದೇ ಸಲ. 2024ರ ಫೆಬ್ರವರಿಯಲ್ಲಿ, ಡ್ಯೂಟಿಯಲ್ಲಿದ್ದಾಗಲೇ ಅಮ್ಮ ಫೋನ್ ಮಾಡಿದರು. ಅಜ್ಜಿ.

ಮೂರು ವರ್ಷ ಮೂರು ಸಲ ಹೇಳಿದ್ದೆ, "ಮುಂದಿನ ಕ್ರಿಸ್ಮಸ್‌ಗೆ ಖಂಡಿತ ಬರ್ತೇನೆ ಅಜ್ಜಿ." ರಜೆ ಸಿಗಲಿಲ್ಲ ಎಂದು ಹೇಳಿದ್ದೂ ಮೂರು ಸಲ. ಅದರಲ್ಲಿ ಒಂದು ಸಲ ನಾನು ರಜೆ ಕೇಳಿಯೇ ಇರಲಿಲ್ಲ. ಆ ತಿಂಗಳು ಟಿಕೆಟ್ ದುಬಾರಿ, ಹಬ್ಬದ ಡ್ಯೂಟಿಗೆ ಸಂಬಳ ಹೆಚ್ಚು. ಇದನ್ನು ಈವರೆಗೆ ಅಮ್ಮನಿಗೂ ಹೇಳಿಲ್ಲ. ಊರಿಗೆ ಬಂದಾಗ ಅಮ್ಮ ಅಜ್ಜಿಯ ಕಪಾಟಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಕೊಟ್ಟರು. ಒಳಗೆ ನನ್ನ ಪಾಲಿನ ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ. ಎಣ್ಣೆ ವಾಸನೆ ಬಂದಿತ್ತು. "ಪ್ರತಿ ವರ್ಷ ಕಟ್ಟಿ ಇಡ್ತಿದ್ದರು. ತಪಸ್ಸು ಕಾಲ ಬಂದ ಮೇಲೆ ನಾನೇ ಎಸೀತಿದ್ದೆ" ಎಂದರು ಅಮ್ಮ.

ಇದನ್ನು ಆ ಅಜ್ಜನಿಗೆ ಹೇಳಿದೆ. ಹೇಗೂ ಮರೆಯುತ್ತಾರೆ ಎಂಬ ಧೈರ್ಯ. ಅವರು ಸುಮ್ಮನೆ ಇನ್ನೊಂದು ಡಿವಿಡಿ ತೆಗೆದರು. 1964ರ ಕಥೆ. ಡಾಕ್ಟರನ ಜೊತೆ ಮೊದಲಿನಿಂದ ಇದ್ದವಳು ಅವನ ಮೊಮ್ಮಗಳು ಸೂಸನ್. ಅವಳಿಗೆ ಭೂಮಿಯ ಒಬ್ಬ ಹುಡುಗನ ಮೇಲೆ ಮನಸ್ಸಾಗುತ್ತದೆ, ಆದರೆ ಅಜ್ಜನನ್ನು ಬಿಟ್ಟಿರಲು ಒಪ್ಪುವುದಿಲ್ಲ. ಅಜ್ಜನೇ ಒಳಗಿನಿಂದ ಬಾಗಿಲು ಹಾಕಿಕೊಂಡು, ಒಂದು ದಿನ ಮತ್ತೆ ಬರುತ್ತೇನೆ ಎಂದು ಹೇಳಿ ಹೊರಟುಬಿಡುತ್ತಾನೆ. ಆ ಮಾತಿಗೆ ಕೊಂಡಿ ಸಿಕ್ಕಲಿಲ್ಲ. 1983ರ ವಿಶೇಷ ಕಂತು ಆ ವಿದಾಯದ ದೃಶ್ಯದಿಂದಲೇ ಶುರುವಾಗುತ್ತದೆ, ಸೂಸನ್ ಕೂಡ ಅದರಲ್ಲಿ ಇದ್ದಾಳೆ. ಆದರೆ ಗಡಿಬಿಡಿಯಲ್ಲಿ ಅಜ್ಜ ಮೊಮ್ಮಗಳಿಗೆ ಕೂತು ಮಾತಾಡಲು ಪುರುಸೊತ್ತೇ ಇಲ್ಲ. "ಅದು ಲೆಕ್ಕಕ್ಕಿಲ್ಲ" ಎನ್ನುವುದು ನಮ್ಮ ಅಜ್ಜನ ತೀರ್ಪು.

2025ರ ಮೇ ತಿಂಗಳ ಒಂದು ಶನಿವಾರ ನಾವಿಬ್ಬರೂ ಹೊಸ ಕಂತು ನೋಡುತ್ತಿದ್ದೆವು. ಡಾಕ್ಟರ್ ಸಾಯುವ ಸ್ಥಿತಿಯಲ್ಲಿದ್ದಾಗ ಅವನ ಕಣ್ಣಿಗೆ ಒಬ್ಬ ವಯಸ್ಸಾದ ಹೆಂಗಸು ಕಾಣಿಸುತ್ತಾಳೆ. ಅದೇ ನಟಿ, ಕ್ಯಾರಲ್ ಆನ್ ಫೋರ್ಡ್. ಸೂಸನ್. ಅಜ್ಜ ನನ್ನ ಕೈ ಹಿಡಿದುಕೊಂಡರು. ಕೆಲವೇ ಕ್ಷಣ, ಅಷ್ಟೆ. ಆ ಸರಣಿ ಮುಗಿಯಿತು, ಇಬ್ಬರೂ ಎದುರುಬದುರು ಕೂರಲೇ ಇಲ್ಲ.

ಈಗಲೂ ಎರಡು ಮೂರು ದಿನಕ್ಕೊಮ್ಮೆ ಅವರು ಕೇಳುತ್ತಾರೆ, "ಸೂಸನ್ ಬಂದಳಾ?"

"ಬಂದಳು. ಮೇ ತಿಂಗಳಲ್ಲಿ."

ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ಮುಖ ಅರಳುತ್ತದೆ. ಆಮೇಲೆ, "ಅವನು ಹೋಗಿ ಮಾತಾಡಿಸಿದನಾ?"

"ಇನ್ನೂ ಇಲ್ಲ."

"ಹಾಗಾದರೆ ಮೊದಲಿನಿಂದ ಹಾಕು" ಎನ್ನುತ್ತಾರೆ. ನಾನು ಮಾತ್ರೆ ಕೊಟ್ಟು ಡಿವಿಡಿ ಹಾಕುತ್ತೇನೆ.